ಕೊಳದ ಅಳತೆ

“ಇದನ್ನ ಮುಚ್ಚೋಕೆ ಎಷ್ಟು ಲಾರಿ ಮಣ್ಣು ಬೇಕಾಗ್ಬಹುದು?” ಟೇಪು ಹಿಡಿದಿದ್ದ ಎಂಜಿನಿಯರ್ ಕೇಳಿದ್ದು ಮೆಲ್ಲಗೇ. ಆದರೆ ಒಳಾಂಗಣದ ಈಜುಕೊಳದಲ್ಲಿ ಪಿಸುಮಾತೂ ಛಾವಣಿ ಮುಟ್ಟುತ್ತದೆ. ಹತ್ತು ಮೀಟರ್ ಮೇಲೆ, ನೀರಿಗೆ ಹಾರುವ ಕಟ್ಟೆಯ ತುದಿಯಲ್ಲಿ ಕೈಚಾಚಿ ನಿಂತಿದ್ದ ಡೆಲೇನಿ ಕೈ ಇಳಿಸಿದಳು.

“ಕೋಚ್, ಏನನ್ನ ಮುಚ್ತಾರಂತೆ?”

ಕೆಳಗಿದ್ದ ಕೋಚ್ ಪ್ರೂಯಿಟ್ ಎಂಜಿನಿಯರ್‌ಗೆ ಸುಮ್ಮನಿರುವಂತೆ ಸನ್ನೆ ಮಾಡಿದ. ಕಾಲೇಜಿನ ಹೊಸ ಐದು ವರ್ಷದ ಕ್ರೀಡಾ ಯೋಜನೆಯಲ್ಲಿ ಡೈವಿಂಗ್ ತಂಡವೇ ಇಲ್ಲ, ಈ ಕೊಳದ ಜಾಗದಲ್ಲಿ ಫುಟ್‌ಬಾಲಿನವರಿಗೆ ಜಿಮ್ ಬರುತ್ತದೆ ಎಂದು ಕ್ರೀಡಾ ನಿರ್ದೇಶಕರು ಬೆಳಿಗ್ಗೆಯಷ್ಟೇ ಹೇಳಿದ್ದರು. ಶುಕ್ರವಾರದವರೆಗೆ ಮಕ್ಕಳ ಮುಂದೆ ಬಾಯಿ ಬಿಡಬೇಡ ಎಂದೂ. ಇದೇ ಪ್ರೂಯಿಟ್‌ನ ಮಾತು ನಂಬಿ ಈ ಹುಡುಗಿ ದೊಡ್ಡ ದೊಡ್ಡ ಕಾಲೇಜು ಬಿಟ್ಟು ಓಹಾಯೊದ ಈ ಸಣ್ಣ ಕಾಲೇಜಿಗೆ ಬಂದಿದ್ದಳು.

“ಅವರಿಗೆ ಬೇರೆ ಕೆಲಸ ಇಲ್ಲ, ಬಿಡು. ನೀನು ಹಾರು ಮರಿ.”

“ನಿಮಗೆ ಸುಳ್ಳು ಹೇಳೋಕೂ ಬರಲ್ಲ, ಕೋಚ್. ಮುಂದಿನ ವರ್ಷ ನಾನು ಎಲ್ಲಿಂದ ಹಾರಲಿ, ಅದನ್ನ ಹೇಳಿ.”



ಎಷ್ಟೇ ಭಯವಾದರೂ ಮೇಲೆ ಹತ್ತಿದವರು ನೀರಿಗೆ ಹಾರಿಯೇ ಕೆಳಗೆ ಬರಬೇಕು, ಅದು ಪ್ರೂಯಿಟ್ ಮೊದಲ ದಿನವೇ ಎಲ್ಲರಿಗೂ ಕಲಿಸುತ್ತಿದ್ದ ಪಾಠ. ಡೆಲೇನಿ ನೀರಿಗೆ ಬೆನ್ನು ತಿರುಗಿಸಿ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು.