ನಡುಗಡ್ಡೆಯ ಚಗಳಿ

ಹೊಳೆ ಕಡಲು ಸೇರುವಲ್ಲಿದ್ದ ಆ ಪುಟ್ಟ ನಡುಗಡ್ಡೆಯ ಸುತ್ತ ಬಳಚಿನ ಚಿಪ್ಪುಮೀನು ಹೆಕ್ಕುತ್ತಲೇ ಸೋಮಿ ಮುದುಕಿಯಾಗಿದ್ದಳು. ಆ ನಡುಗಡ್ಡೆಯನ್ನೇ ಈಗ ಅಗೆದು ಸಾಗಿಸಲು ಅನುಮತಿ ಬೇಕೆಂದು ಮರಳಿನ ಕಂಟ್ರಾಕ್ಟರು ಅಧಿಕಾರಿಯನ್ನು ಕರೆತಂದಿದ್ದ; ಇಬ್ಬರೂ ಬೇರೆ ಬೇರೆ ದೋಣಿಯಲ್ಲಿ ಬಂದಿದ್ದರು.

"ಹೋದ ವರ್ಷದ ನೆರೆಗೆ ಬಿದ್ದ ಮರಳು ಸಾರ್. ಈ ಗಿಡಗಳನ್ನ ಬಳಚು ಹೆಕ್ಕೋ ಹೆಂಗಸರೇ ತಂದು ನೆಟ್ಟಿದ್ದಾರೆ," ಎಂದ ಕಂಟ್ರಾಕ್ಟರು.

"ಗಿಡ ನಾವು ನೆಟ್ಟದ್ದೇ ಅನ್ನಿ, ಇರುವೆನೂ ನೆಟ್ವಾ?" ಸೋಮಿ ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಂತಳು. "ಬರೀ ಮರಳಿದ್ದಾಗ ಸಣ್ಣ ಕರಿ ಇರುವೆ ಬಂತು. ಹುಲ್ಲು ಹುಟ್ಟಿದ ಮೇಲೆ ಕಟ್ಟಿರುವೆ ಬಂತು. ಮರಕ್ಕೆ ಮರ ತಾಗಿದ ಮೇಲೇ ಎಲೆ ಹೊಲಿಯೋ ಚಗಳಿ ಹಾರಿ ಬಂದದ್ದು. ಇಪ್ಪತ್ತು ವರ್ಷದಿಂದ ನೋಡ್ತಾ ಇದ್ದೆ ನಾನು."

"ಎಲ್ಲಿದೆ ಚಗಳಿ?" ಎಂದು ನಗುತ್ತ ಕಂಟ್ರಾಕ್ಟರು ಕೊಂಬೆ ಜಗ್ಗಿದ. ಕೆಂಪು ಇರುವೆಗಳು ಮಳೆಯಂತೆ ಅವನ ಕೊರಳಪಟ್ಟಿಯೊಳಗೆ ಸುರಿದವು. ಅವನು ಕುಣಿಯುತ್ತ ಹೋಗಿ ತನ್ನ ದೋಣಿಗೆ ಹಾರಿದವನು ತಿರುಗಿ ನೋಡದೆ ಹೊರಟುಹೋದ.

ಅಧಿಕಾರಿ ಮರಮರವನ್ನೂ ನೋಡಿ, ಎಲೆಗೂಡುಗಳ ಫೋಟೋ ತೆಗೆದುಕೊಂಡ.

"ನೀನು ಹೇಳಿದ್ದು ಸರಿಯಮ್ಮ. ಇದು ಹಳೇ ನಡುಗಡ್ಡೆ. ಇಲ್ಲಿ ಮರಳು ತೆಗೆಯೋ ಹಾಗಿಲ್ಲ."

ಸೋಮಿಯ ಮುಖ ಅರಳಿತು.

"ಇವತ್ತಿಂದ ಇದು ರಕ್ಷಿತ ಜಾಗ. ಬಳಚು ಹೆಕ್ಕೋದೂ ಬಂದ್. ಕಾಲಿಟ್ಟವರ ಮೇಲೆ ಕೇಸು."

"ಯಾರೇ ಕಾಲಿಟ್ರೂ?"

"ಯಾರೇ ಆಗ್ಲಿ."

ಸೋಮಿ ನೇರ ದಡಕ್ಕೆ ನಡೆದು, ಅಧಿಕಾರಿಯ ಖಾಲಿ ದೋಣಿಯ ಹಗ್ಗ ಬಿಚ್ಚಿ ಅದನ್ನು ಹೊಳೆಗೆ ನೂಕಿ, ತನ್ನ ದೋಣಿ ಹತ್ತಿ ಹೇಳಿದಳು: "ಹಾಗಾರೆ ಮೊದಲ ಕೇಸು ನಿಮ್ಮ ಮೇಲೇ ಹಾಕ್ಕಳಿ."