ಇನ್ನೂರು ಸಿಳ್ಳೆ

ಅಪ್ಪ ತುಟಿ ಮುಂದೆ ಮಾಡಿದರು. ಎಡಭಾಗ ಮಾತು ಕೇಳಲಿಲ್ಲ; ಬೆರಳಿನಿಂದ ಎತ್ತಿ ಹಿಡಿದುಕೊಂಡರು. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ, ಹಸಿರು ಹಾಸಿನ ಮೇಲೆ, ಫುಟ್‌ಬಾಲ್ ಆಡುವ ಮೊಣಕಾಲೆತ್ತರದ ಐದು ರೋಬೋಗಳು ಕಾದು ನಿಂತಿದ್ದವು.

ಸಿಳ್ಳೆ ಕೇಳಿದರೆ ಓಡಬೇಕೆಂದು ಅವಕ್ಕೆ ಕಲಿಸಿದ್ದು ಮಗಳು. ಕಲಿಸಿದ್ದು ಅಲ್ಲಿನ ಕಾರ್ಯಾಗಾರದಲ್ಲೇ ಲೇತ್ ಯಂತ್ರ ನಡೆಸುತ್ತಿದ್ದ ಅಪ್ಪನಿಂದ ಇನ್ನೂರು ಸಲ ಸಿಳ್ಳೆ ಹೊಡೆಸಿ. ಬೇರೆಯವರು ಹೊಡೆದರೆ ಅವು ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ. "ನಿಮ್ಮಪ್ಪನ್ನ ಬಿಟ್ರೆ ಯಾರಿಗೂ ಸೊಪ್ಪು ಹಾಕಲ್ಲ ಇವು" ಎಂದು ಗೆಳೆಯರು ನಗುತ್ತಿದ್ದರು.

ಪಾರ್ಶ್ವವಾಯು ಬಡಿದ ಮೂರು ತಿಂಗಳ ಮೇಲೆ ಅಪ್ಪ ಇಂದೇ ಇಲ್ಲಿಗೆ ಬಂದಿದ್ದರು. ಮನೆಯಲ್ಲಿ ಬಚ್ಚಲ ಬಾಗಿಲು ಹಾಕಿಕೊಂಡು ಸಿಳ್ಳೆ ಅಭ್ಯಾಸ ಮಾಡುವುದು, ಬರೀ ಗಾಳಿ ಹೊರಡುವುದು, ಎರಡೂ ಮಗಳಿಗೆ ಗೊತ್ತಿತ್ತು. ಅದಕ್ಕೇ ಲ್ಯಾಪ್‌ಟಾಪಿನಲ್ಲಿ ಆಟ ಶುರು ಮಾಡುವ ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದಳು. ಅಪ್ಪನ ಎದೆ ಉಬ್ಬಿದ್ದೇ ತಡ, ಒತ್ತಿದಳು.

ಐದೂ ತಟಪಟನೆ ಓಡಿದವು. "ನೋಡಪ್ಪ, ನಿನ್ನ ಸಿಳ್ಳೆ ಮರ್ತೇ ಇಲ್ಲ ಅವು!" ಅಪ್ಪ ತುಟಿಯಿಂದ ಬೆರಳು ತೆಗೆದರು. ಎಳೆದುಕೊಂಡಿದ್ದ ಉಸಿರು ಇನ್ನೂ ಎದೆಯಲ್ಲೇ ಇತ್ತು. ಅದನ್ನು ಮೂಗಿನಿಂದ ಮೆಲ್ಲಗೆ ಬಿಟ್ಟರು.

"ನಾನಿನ್ನೂ ಹೊಡ್ದೇ ಇಲ್ವಲ್ಲ, ಪುಟ್ಟೀ."