ಐದಡಿ ಹನ್ನೊಂದಿಂಚು

ಕೈಯಲ್ಲೂ ಬಾಲ್ ಹಿಡಿಯಬಹುದಾದ ಆಸ್ಟ್ರೇಲಿಯನ್ ಫುಟ್‌ಬಾಲ್ ಆಡುವ ಆ ಮಹಿಳಾ ತಂಡದಲ್ಲಿ ಎತ್ತರದವಳು ಅಂತ ಇದ್ದದ್ದು ಒಬ್ಬಳೇ. ಅವಳಿಗಾಗಿ ಕೋಚ್ ಮತ್ತು ಕ್ಯಾಪ್ಟನ್ ಒಂದು ಗಂಟೆಯಿಂದ ಕಿತ್ತಾಡುತ್ತಿದ್ದರು.

"ಗೋಲಿನ ಮುಂದೆ ನಿಲ್ಲಲಿ. ಮೇಲಿಂದ ಬರೋ ಬಾಲ್ ಇನ್ಯಾರ ಕೈಗೆ ಸಿಗುತ್ತೆ?" ಕೋಚ್ ಮೇಜು ಗುದ್ದಿದರು.

"ಅಂಪೈರ್ ಮಧ್ಯದಲ್ಲಿ ಬಾಲ್ ಮೇಲೆಸೆದಾಗ ಹಾರೋರು ಯಾರು ಸರ್, ನಾನಾ?" ಕುಳ್ಳಗಿದ್ದ ಕ್ಯಾಪ್ಟನ್ ಸಿಡುಕಿದಳು. "ಇಂಥವಳು ಇನ್ನೊಬ್ಬಳು ಇದ್ದಿದ್ರೆ!"

"ಎಲ್ಲಿಂದ ತರ್ಲಮ್ಮ? ಇಡೀ ಊರು ಹುಡುಕಿದೀನಿ!"

ಕೊನೆಗೆ ಇಬ್ಬರೂ ಬೇಸತ್ತು, ಮೂಲೆಯಲ್ಲಿ ಕೂತಿದ್ದ ಅವಳತ್ತ ತಿರುಗಿದರು.

"ನೀನೇ ಹೇಳು, ಎಲ್ಲಿ ಆಡ್ತೀಯ?"

"ಎಲ್ಲಾದ್ರೂ ಸರಿ ಸರ್. ನಿನ್ನೆ ಬಂದ ಗಂಡಿನ ಕಡೆಯವರೂ ಹುಡುಗಿ ಉದ್ದ ಜಾಸ್ತಿಯಾಯ್ತು ಅಂತ ಎದ್ದು ಹೋದ್ರು. ಇದೇ ಜಗಳಾನ ನಮ್ಮನೆಗೆ ಬಂದು ಅಮ್ಮನ ಮುಂದೆ ಇನ್ನೊಂದ್ಸಲ ಆಡ್ತೀರಾ?"